ಡ್ಯೂಟಿಯಲ್ಲಿ ಕಾಲು ಮುರಿದುಕೊಂಡ ಪೊಲೀಸರಿಗೆ ಪರಿಹಾರ ಯಾವ ಕಾನೂನಿನಲ್ಲಿದೆ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ಬೆಂಗಳೂರು ಸಂಚಾರ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್. ವಯಸ್ಸು 44, ಸರ್ವಿಸ್ 19 ವರ್ಷ. ಐದು ತಿಂಗಳು ಎಂಟು ದಿನದ ಹಿಂದೆ ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಡ್ರಂಕ್ ಅಂಡ್ ಡ್ರೈವ್ ತಪಾಸಣೆಗೆ ನಿಂತಿದ್ದಾಗ ಗೂಡ್ಸ್ ಗಾಡಿಯೊಂದು ಬ್ಯಾರಿಕೇಡ್ ಸಮೇತ ಇವರಿಗೆ ಗುದ್ದಿತು. ಬಲಗಾಲಿನಲ್ಲಿ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಆಪರೇಷನ್ ಪೊಲೀಸರ ಚಿಕಿತ್ಸಾ ಯೋಜನೆ ಆರೋಗ್ಯ ಭಾಗ್ಯದಲ್ಲಿ ಆಯಿತು. ಫಿಸಿಯೋಥೆರಪಿ, ಓಡಾಟ, ಔಷಧಿಗೆ ನಮ್ಮ ಕೈಯಿಂದ ಒಂದು ಲಕ್ಷದ ಮೇಲೆ ಹೋಗಿದೆ. ಇದ್ದ ರಜೆಯೆಲ್ಲ ಮುಗಿಯುತ್ತಾ ಬಂತು. ಹೆಚ್ಚು ಹೊತ್ತು ನಿಲ್ಲುವ ಕೆಲಸ ಇನ್ನು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ಒಬ್ಬರು ಡೈರಿ ಸರ್ಕಲ್ ಹತ್ತಿರದ ಕಾರ್ಮಿಕ ಭವನಕ್ಕೆ ಹೋಗಿ ಕಾರ್ಮಿಕರ ಪರಿಹಾರ ಕೇಳಿ ಅಂತಾರೆ. ಇನ್ನೊಬ್ಬರು ಸರ್ಕಾರಿ ಸಂಬಳ ಬರ್ತಿರುವವರಿಗೆ ಯಾವ ಕ್ಲೇಮೂ ಇಲ್ಲ ಅಂತಾರೆ. ಮೆಡಿಕಲ್ ಬೋರ್ಡಿಗೆ ಹೋದರೆ ಅನ್‌ಫಿಟ್ ಮಾಡಿ ಮನೆಗೆ ಕಳಿಸ್ತಾರೆ, ಅದಕ್ಕಿಂತ ಮೊದಲೇ ವಿಆರ್‌ಎಸ್ ತಗೊಂಡು ಮಗನಿಗೆ ಕೆಲಸ ಕೇಳಿ ಅಂತ ಇವರ ಜೊತೆಯವರು ಹೇಳ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ, ಅಲ್ಲಿ ಪೊಲೀಸರಿಗೆ ಒಂದು ವರ್ಷ ಪೂರ್ತಿ ಸಂಬಳ ಕೊಡ್ತಾರೆ, ಇಲ್ಲಿ ಯಾಕಿಲ್ಲ ಅಂತಾನೆ. ಇವರು ರಾತ್ರಿ ನಿದ್ದೆ ಮಾಡ್ತಿಲ್ಲ, ಲಾರಿ ಹಾರ್ನ್ ಕೇಳಿದರೆ ಬೆಚ್ಚಿ ಬೀಳ್ತಾರೆ. ದುಡ್ಡು ಕೇಳೋದು ಮರ್ಯಾದೆ ಅಲ್ಲ ಅಂತ ಹಟ ಬೇರೆ. ಅವರಿಗೆ ತಿಳಿಸದೆ ನಾನೇ ಅರ್ಜಿ ಹಾಕಬಹುದಾ?

ಉತ್ತರ: ಮೊದಲು ತಾರೀಖಿನ ಮಾತು. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿಕೊಳ್ಳಿ. ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಪಘಾತ ಪರಿಹಾರದ ಅರ್ಜಿಯನ್ನು ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು. ನೀವು ಕೊಟ್ಟ ಲೆಕ್ಕದಲ್ಲಿ ಉಳಿದಿರುವುದು ಮೂರು ವಾರ. ಈ ಮಿತಿಯೇ ಸರಿಯಲ್ಲ ಎಂಬ ತಕರಾರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ ನಿಜ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಆರು ತಿಂಗಳು ದಾಟಿದ ಅರ್ಜಿ ಹಿಡಿದುಕೊಂಡು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿಂತಾಗ, ಗಾಯದ ಮಾತಿಗೆ ಮೊದಲು ತಡದ ಮಾತೇ ನಡೆಯಬಹುದು. ಈ ವಾರವೇ ಒಬ್ಬ ವಕೀಲರನ್ನು ನೋಡಿ.

ನಿಮ್ಮ ಪತ್ರದಲ್ಲಿ ಹಣದ ಚಿಂತೆಗಿಂತ ದೊಡ್ಡದಾಗಿ ನನಗೆ ಕಂಡದ್ದು ಕೆಲಸ ಹೋಗುತ್ತದೆಂಬ ಭಯ. ಆ ಭಯದಲ್ಲಿ ಯಜಮಾನರು ಒಂದು ಕಾಗದಕ್ಕೆ ಸಹಿ ಹಾಕಿಬಿಟ್ಟರೆ ಉಳಿದ ಪರಿಹಾರವೆಲ್ಲ ಸೇರಿದರೂ ಆ ನಷ್ಟ ತುಂಬುವುದಿಲ್ಲ. ಹಾಗಾಗಿ ಕೆಲಸದ ವಿಷಯವನ್ನೇ ಮೊದಲು ಹೇಳುತ್ತೇನೆ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದದ್ದು. ಅದರ 20ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ ಹೇಳುವುದಿಷ್ಟು: ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಕ್ಕಿಳಿಸುವಂತಿಲ್ಲ. ಹಳೆಯ ಕೆಲಸ ಮಾಡಲು ಆಗದಿದ್ದರೆ ಅದೇ ವೇತನಶ್ರೇಣಿ, ಅದೇ ಸೌಲಭ್ಯಗಳೊಂದಿಗೆ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸೂಪರ್‌ನ್ಯೂಮರರಿ, ಅಂದರೆ ಮಂಜೂರಾದ ಸಂಖ್ಯೆಗೆ ಹೆಚ್ಚುವರಿಯಾದ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು. ಅಂಗವೈಕಲ್ಯ ಒಂದನ್ನೇ ಕಾರಣ ಮಾಡಿ ಬಡ್ತಿ ನಿರಾಕರಿಸುವಂತೆಯೂ ಇಲ್ಲ. ಇಂಥ ರಕ್ಷಣೆ 1995ರ ಹಳೆಯ ಕಾಯ್ದೆಯಲ್ಲೇ ಇತ್ತು. ಕುನಾಲ್ ಸಿಂಗ್ ಎಂಬ ಕಾನ್‌ಸ್ಟೇಬಲ್ ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲನ್ನೇ ಕಳೆದುಕೊಂಡಾಗ ಅವರನ್ನು ಅಸಮರ್ಥ ಎಂದು ಮನೆಗೆ ಕಳಿಸಲಾಗಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪೆಂದಿತು. ಅಶಕ್ತತಾ ಪಿಂಚಣಿ ಕೊಟ್ಟಿದ್ದೇವಲ್ಲ ಎಂಬ ಸರ್ಕಾರದ ವಾದವನ್ನೂ ಒಪ್ಪಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇದೇ ಸೆಕ್ಷನ್ನಿನಿಂದ ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಸಶಸ್ತ್ರ ಪಡೆಗಳ ಹೋರಾಟದ ಹುದ್ದೆಗಳಿಗೆ ಕೇಂದ್ರ 2021ರಲ್ಲಿ ಹಾಗೆ ವಿನಾಯಿತಿ ಕೊಟ್ಟಿದೆ. ಆ ಪಡೆಗಳಲ್ಲಿರುವ ನೆಂಟರ ಅನುಭವ ಕೇಳಿ ನಿಮ್ಮ ವಿಷಯದಲ್ಲಿ ತೀರ್ಮಾನಕ್ಕೆ ಬರಬೇಡಿ. ನಿಮ್ಮ ಯಜಮಾನರು ರಾಜ್ಯ ಸರ್ಕಾರದ ನೌಕರರು.

ಜೊತೆಯವರು ವಿಆರ್‌ಎಸ್ ತಗೊಳ್ಳಿ ಎನ್ನುವುದು ಕೆಟ್ಟ ಮನಸ್ಸಿನಿಂದಲ್ಲ. ಠಾಣೆಯಲ್ಲಿ ತಲೆತಲಾಂತರದಿಂದ ಹರಿದು ಬಂದ ಮಾತದು. ಆದರೆ ರಾಜ್ಯದ ಅನುಕಂಪದ ನೇಮಕಾತಿ ನಿಯಮಗಳನ್ನು 1996ರಲ್ಲಿ ಬರೆದದ್ದು ಸೇವೆಯಲ್ಲಿರುವಾಗಲೇ ತೀರಿಕೊಂಡ ನೌಕರರ ಕುಟುಂಬಕ್ಕಾಗಿ. ತಾವಾಗಿ ನಿವೃತ್ತಿ ಕೇಳಿದವರ ಮಗನಿಗೆ ಅದರಡಿ ಕೆಲಸ ಸಿಗುವುದಿಲ್ಲ. ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಕೆಲಸದಲ್ಲಿದ್ದ ಭಗವಾನ್ ದಾಸ್ ಎಂಬುವರು ಪೂರ್ತಿ ಕುರುಡಾದಾಗ, ನನ್ನನ್ನು ನಿವೃತ್ತಿ ಮಾಡಿ ನನ್ನ ಹೆಂಡತಿಗೆ ಕೆಲಸ ಕೊಡಿ ಎಂದು ಪತ್ರ ಬರೆದುಕೊಟ್ಟಿದ್ದರು. ಮಂಡಳಿ ಅವರನ್ನು ನಿವೃತ್ತಿ ಮಾಡಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅವರ ಕೈ ಹಿಡಿಯಿತು. ತನ್ನ ಹಕ್ಕು ಏನೆಂದು ತಿಳಿಯದ ಮನುಷ್ಯ ಬರೆದ ಪತ್ರವನ್ನು ನೆಪ ಮಾಡಿಕೊಳ್ಳಬಾರದಿತ್ತು, ಹಕ್ಕಿನ ಬಗ್ಗೆ ತಿಳಿಸಿ ಹೇಳುವುದು ಅಧಿಕಾರಿಗಳ ಕೆಲಸವಾಗಿತ್ತು ಎಂದಿತು. ಆ ತೀರ್ಪಿಗಾಗಿ ಅವರು ದೆಹಲಿಯವರೆಗೆ ಹೋಗಬೇಕಾಯಿತು. ನೀವು ಆ ಪತ್ರ ಬರೆಯದಿದ್ದರೆ ಆ ದಾರಿ ಹಿಡಿಯುವ ಅಗತ್ಯವೇ ಬರುವುದಿಲ್ಲ.

ಮೆಡಿಕಲ್ ಬೋರ್ಡಿಗೆ ಹೆದರಿ ತಪ್ಪಿಸಿಕೊಳ್ಳುವುದೂ ಸರಿಯಲ್ಲ. ಬೋರ್ಡಿನ ಮುಂದೆ ಹೋಗುವ ಮುನ್ನವೇ ಯಜಮಾನರು ಡಿಸಿಪಿಯವರಿಗೆ ಒಂದು ಮನವಿ ಕೊಡಲಿ: ನಿಂತು ಮಾಡುವ ರಸ್ತೆ ಡ್ಯೂಟಿ ಸದ್ಯಕ್ಕೆ ಆಗದು, 20(4)ರ ಪ್ರಕಾರ ಕುಳಿತು ಮಾಡುವ ಕೆಲಸಕ್ಕೆ ಹಾಕಿ ಎಂದು. ಬೆಂಗಳೂರಿನಂಥ ದೊಡ್ಡ ಕಮಿಷನರೇಟ್‌ನಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಇನ್‌ಫೆಂಟ್ರಿ ರಸ್ತೆಯ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರ್‌ನಲ್ಲಿ ಕ್ಯಾಮೆರಾ ನೋಡುವವರು ಬೇಕು, ಕಂಟ್ರೋಲ್ ರೂಮಿನಲ್ಲಿ 112ರ ಕರೆಗೆ ಓಗೊಡುವವರು ಬೇಕು, ಪ್ರತಿ ಠಾಣೆಗೂ ಬರವಣಿಗೆಯವರು ಬೇಕು. ಮನವಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಉತ್ತರವೇ ಬಾರದಿದ್ದರೆ ಆರು ತಿಂಗಳ ನಂತರ, ಅಲ್ಲಿಂದ ಒಂದು ವರ್ಷದೊಳಗೆ, ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಆ ಗಡುವನ್ನು ಎಣಿಸುವುದು ಮೊಹರಿನ ಮೇಲಿನ ತಾರೀಖಿನಿಂದ.

ಇನ್ನು ಕಾರ್ಮಿಕ ಭವನದ ಮಾತು. ಕೆಲಸದಲ್ಲಿ ಗಾಯವಾದವರಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾಯ್ದೆ ಬಂದದ್ದು 1923ರಲ್ಲಿ. ಅದರ ಹೊಣೆಗಳನ್ನೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ತರಲಾಗಿದೆ. ಯಾವ ಯಾವ ಕೆಲಸದವರಿಗೆ ಅದು ಅನ್ವಯ ಎಂಬುದಕ್ಕೆ ಅದರಲ್ಲೊಂದು ಪಟ್ಟಿ ಇದೆ: ಕಾರ್ಖಾನೆ, ಗಣಿ, ಕಟ್ಟಡ, ವಾಹನ ಚಾಲನೆ ಹೀಗೆ. ರಸ್ತೆಯಲ್ಲಿ ನಿಂತು ತಪಾಸಣೆ ಮಾಡುವ ಪೊಲೀಸರು ಆ ಪಟ್ಟಿಗೆ ಸುಲಭಕ್ಕೆ ಹೊಂದುವುದಿಲ್ಲ. ಪೊಲೀಸ್ ಜೀಪಿನ ಚಾಲಕರಾದರೆ ವಾದಕ್ಕೆ ಜಾಗವಿದೆ. ಒಂದು ವೇಳೆ ಅನ್ವಯವಾಯಿತೆಂದೇ ಇಟ್ಟುಕೊಳ್ಳಿ, 1923ರ ಕಾಯ್ದೆಯಡಿ 2020ರ ಆದೇಶದಂತೆ, ಸಂಬಳ ಎಷ್ಟೇ ಇರಲಿ, ಲೆಕ್ಕ ಹಿಡಿಯುವುದು ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿ ಮೇಲೆ. ಅಲ್ಲದೆ ಅಲ್ಲಿ ಪರಿಹಾರ ತೆಗೆದುಕೊಂಡರೆ ಅದೇ ಗಾಯಕ್ಕೆ ಮೋಟಾರು ವಾಹನ ಕಾಯ್ದೆಯಡಿ ಮತ್ತೆ ಕೇಳುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಿಮಗೆ ಆ ದಾರಿ ಬೇಡ.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡ್ಯೂಟಿಯಲ್ಲಿ ಗಾಯಗೊಂಡ ಪೊಲೀಸರಿಗೆ ಒಂದು ವರ್ಷದವರೆಗೆ ಪೂರ್ತಿ ಸಂಬಳದ ರಜೆಯಿದೆ. ಪೊಲೀಸರಿಗೆ ಹೃದ್ರೋಗ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಅಲ್ಲಿನ ಕಾನೂನು ಊಹಿಸಿಕೊಳ್ಳುತ್ತದೆ, ಅಲ್ಲವೆಂದು ತೋರಿಸುವ ಭಾರ ಎದುರು ಕಡೆಯದು. ಅಂಥ ಊಹೆ ನಮ್ಮಲ್ಲೂ ಇರಬೇಕಿತ್ತೆಂದು ನನಗೆ ಅನ್ನಿಸುತ್ತದೆ. ಹಗಲಿಡೀ ಹೊಗೆಯಲ್ಲಿ ನಿಂತು ಉಸಿರಾಟದ ತೊಂದರೆ ತಂದುಕೊಂಡ ಎಷ್ಟೋ ಮಂದಿ, ಡ್ಯೂಟಿಯಿಂದಲೇ ಬಂತೆಂದು ತೋರಿಸಲಾಗದೆ ನನ್ನ ಕಚೇರಿಯಿಂದ ಬರಿಗೈಯಲ್ಲಿ ಹೋಗಿದ್ದಾರೆ. ನಮ್ಮಲ್ಲಿ ಪೊಲೀಸರ ಪರಿಹಾರ ಒಂದೇ ಕಾಯ್ದೆಯಲ್ಲಿ ಕುಳಿತಿಲ್ಲ, ನಾಲ್ಕೈದು ಕಡೆ ಹಂಚಿಹೋಗಿದೆ. ಎಲ್ಲ ಕಡೆಯೂ ಬಾಗಿಲು ತೆರೆಯುವುದು ಒಂದೇ ಕಾಗದ: ಗಾಯವಾದಾಗ ಇವರು ಡ್ಯೂಟಿಯಲ್ಲಿದ್ದರು ಎಂಬ ದಾಖಲೆ.

ಆ ದಾಖಲೆ ಎಲ್ಲಿರುತ್ತದೆ? ಆ ರಾತ್ರಿಯ ಡ್ಯೂಟಿ ರೋಸ್ಟರ್, ಸ್ಟೇಷನ್ ಹೌಸ್ ಡೈರಿಯ ನಮೂದು, ಎಫ್‌ಐಆರ್, ಆಸ್ಪತ್ರೆಯ ಎಂಎಲ್‌ಸಿ ಪುಸ್ತಕ (ಅಪಘಾತ, ಹಲ್ಲೆಯಂಥ ಪ್ರಕರಣಗಳನ್ನು ಬರೆದಿಡುವುದು), ವೈದ್ಯರು ಕೊಡುವ ಗಾಯದ ಪ್ರಮಾಣಪತ್ರ ಅಂದರೆ ವುಂಡ್ ಸರ್ಟಿಫಿಕೇಟ್. ಈ ಐದೂ ಒಂದೇ ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ ಕಾನ್‌ಸ್ಟೇಬಲ್ ಒಬ್ಬರ ಎಂಎಲ್‌ಸಿಯಲ್ಲಿ 'ಬೈಕಿನಿಂದ ಬಿದ್ದು' ಎಂದು ಬರೆದಿತ್ತು. ಕರೆದುಕೊಂಡು ಹೋದವರು ಗಾಬರಿಯಲ್ಲಿ ಏನೋ ಹೇಳಿದ್ದರು, ಕ್ಯಾಷುವಾಲ್ಟಿಯಲ್ಲಿದ್ದವರು ಅದನ್ನೇ ಬರೆದುಕೊಂಡಿದ್ದರು. ನಿಜವಾಗಿ ಅವರಿಗೆ ಕಾರು ಗುದ್ದಿತ್ತು. ಆ ಎರಡು ಪದ ಸರಿಪಡಿಸಲು ಎರಡು ವರ್ಷ ಸಾಕ್ಷಿ ಹೇಳಿಸಬೇಕಾಯಿತು. ನಿಮ್ಮ ಕಾಗದಗಳನ್ನು ಇಂದೇ ತೆರೆದು ಗಾಯ ಹೇಗಾಯಿತೆಂದು ಬರೆದ ಸಾಲನ್ನು ಓದಿ. ತಪ್ಪಿದ್ದರೆ ಈಗಲೇ ಲಿಖಿತವಾಗಿ ತಿಳಿಸಿ.

ರಜೆಯಲ್ಲಿ ನಿಮಗೆ ಆಗಿರುವ ನಷ್ಟ ಬಹಳ ಮನೆಗಳಲ್ಲಿ ಆಗುತ್ತದೆ. ಗಾಯವಾದ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ನಮೂನೆ ತುಂಬಿ ಗಳಿಕೆ ರಜೆ ಹಾಕಿಬಿಡುತ್ತಾರೆ, ಅದು ಮುಗಿದ ಮೇಲೆ ಪರಿವರ್ತಿತ ರಜೆ. ಆದರೆ ಕರ್ತವ್ಯದ ಕಾರಣದಿಂದ ಗಾಯಗೊಂಡವರಿಗೆಂದೇ ಸೇವಾ ನಿಯಮಗಳಲ್ಲಿ ಬೇರೆ ರಜೆಯಿದೆ. ಕಚೇರಿಗಳಲ್ಲಿ ಅದನ್ನು ಸ್ಪೆಷಲ್ ಡಿಸೆಬಿಲಿಟಿ ಲೀವ್ ಎನ್ನುತ್ತಾರೆ. ಕೇಂದ್ರದ ನಿಯಮಗಳಲ್ಲಿ ಇದಕ್ಕೆ 24 ತಿಂಗಳ ಮಿತಿ ಇದೆ, ಅಶಕ್ತತೆ ಘಟನೆ ನಡೆದ ಮೂರು ತಿಂಗಳೊಳಗೆ ಕಾಣಿಸಿಕೊಂಡಿರಬೇಕು, ತಡಮಾಡದೆ ಮೇಲಿನವರ ಗಮನಕ್ಕೆ ತಂದಿರಬೇಕು. ರಾಜ್ಯದ ನಿಯಮವೂ ಇದೇ ಮೂಲದಿಂದ ಬಂದದ್ದು. ಈಗಾಗಲೇ ಖರ್ಚಾದ ರಜೆಯನ್ನು ಇದಕ್ಕೆ ಬದಲಿಸಿಕೊಡಿ ಎಂದು, ವೈದ್ಯರ ಪ್ರಮಾಣಪತ್ರ ಇಟ್ಟು ಅರ್ಜಿ ಕೊಡಿ. ಮಂಜೂರು ಮಾಡುವುದು ಅಧಿಕಾರಿಯ ವಿವೇಚನೆ, ಖಂಡಿತ ಆಗುತ್ತದೆಂದು ನಾನು ಮಾತು ಕೊಡಲಾರೆ. ತಡವಾದಷ್ಟೂ ಕಷ್ಟ ಎಂಬುದು ಮಾತ್ರ ಖಂಡಿತ.

ಈಗ ಗೂಡ್ಸ್ ಗಾಡಿಯ ವಿಷಯ. ಸಂಬಳ ಬರುವವರಿಗೆ ಕ್ಲೇಮ್ ಇಲ್ಲ ಎಂಬ ಮಾತು ತಪ್ಪು. ಇವರಿಗೆ ಗುದ್ದಿದ್ದು ಇಲಾಖೆಯಲ್ಲ, ಹೊರಗಿನ ಗಾಡಿ. ಅದರ ಮಾಲೀಕರು ಮತ್ತು ವಿಮಾ ಕಂಪನಿ ಪರಿಹಾರ ಕೊಡಬೇಕಾದವರು. ಪೊಲೀಸರಾದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಸ್ವಂತ ಗಾಯಕ್ಕೆ ಪರಿಹಾರ ಕೇಳಲು ಇಲಾಖೆಯ ಅಪ್ಪಣೆಯೂ ಬೇಕಿಲ್ಲ, ಆದರೂ ಅರ್ಜಿ ಹಾಕಿದ್ದೇನೆಂದು ಒಂದು ಪತ್ರ ಕೊಟ್ಟಿಡುವುದು ಒಳ್ಳೆಯದು. ಬೆಂಗಳೂರು ನಗರದಲ್ಲಿ ಈ ಪ್ರಕರಣಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. (ಇಲಾಖೆಯ ಜೀಪಿನಲ್ಲಿ ಹೋಗುವಾಗ ಗಾಯವಾಗಿದ್ದರೆ ಎದುರಾಳಿ ಹೆಚ್ಚಾಗಿ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅಂದರೆ ಕೆಜಿಐಡಿ ಆಗಿರುತ್ತದೆ. ಸರ್ಕಾರಿ ವಾಹನಗಳ ವಿಮೆ ಅಲ್ಲಿಯದು.)

ಎಷ್ಟು ಸಿಗಬಹುದು ಎಂದು ಕೇಳಿಲ್ಲ ನೀವು, ಆದರೆ ಯಾರಾದರೂ ದೊಡ್ಡ ಆಸೆ ಹುಟ್ಟಿಸುವ ಮೊದಲು ಲೆಕ್ಕ ತಿಳಿದಿರಲಿ. ವೈದ್ಯರು ಕಾಲಿಗೆ ಶೇಕಡಾ 30 ನ್ಯೂನತೆ ಎಂದು ಬರೆದರೆ ಸಂಬಳದ ಶೇಕಡಾ 30ರಷ್ಟು ಹೋಯಿತೆಂದು ಅರ್ಥವಲ್ಲ. ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಎಡಗೈ ಹೋದರೆ ಚಾಲಕನ, ಬಡಗಿಯ ಸಂಪಾದನೆಯೇ ನಿಂತುಹೋಗಬಹುದು, ಅದೇ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿದರೆ ಸಂಪಾದನೆಗೆ ಅಷ್ಟು ಪೆಟ್ಟು ಬೀಳದಿರಬಹುದು. ಯಜಮಾನರು ಅದೇ ಸಂಬಳದಲ್ಲಿ ಮುಂದುವರಿದರೆ ಭವಿಷ್ಯದ ಸಂಪಾದನೆ ನಷ್ಟದ ಬಾಬ್ತು ತೆಳ್ಳಗಾಗುತ್ತದೆ. 41ರಿಂದ 45 ವಯಸ್ಸಿನವರಿಗೆ ಸರಳಾ ವರ್ಮ ತೀರ್ಪಿನಂತೆ ಗುಣಕ 14 (ವರ್ಷದ ಸಂಪಾದನೆ ನಷ್ಟವನ್ನು 14ರಿಂದ ಗುಣಿಸುವುದು) ಎಂದು ಹೇಳಿ ಲಕ್ಷಗಟ್ಟಲೆ ಲೆಕ್ಕ ತೋರಿಸುವವರು ಈ ಭಾಗವನ್ನು ಹೇಳುವುದಿಲ್ಲ. ಹಾಗೆಂದು ಉಳಿದ ಬಾಬ್ತುಗಳು ಸಣ್ಣವಲ್ಲ: ನೋವು ಮತ್ತು ಯಾತನೆ, ಬದುಕಿನ ಸುಖ ಕಳೆದುಕೊಂಡದ್ದು, ಮುಂದೆ ರಾಡ್ ತೆಗೆಸುವ ಖರ್ಚು, ಓಡಾಟ, ಪೌಷ್ಟಿಕ ಆಹಾರ, ಐದು ತಿಂಗಳು ನೀವು ಪಕ್ಕದಲ್ಲಿದ್ದು ಮಾಡಿದ ಆರೈಕೆ. ಖರ್ಚಾದ ಗಳಿಕೆ ರಜೆಯೂ ನಷ್ಟವೇ. ಇಲ್ಲದಿದ್ದರೆ ಅದನ್ನು ಮುಂದೆ ನಗದು ಮಾಡಿಕೊಳ್ಳಬಹುದಿತ್ತು. ನಾನು ಪ್ರತಿ ಪ್ರಕರಣದಲ್ಲೂ ಅದನ್ನು ಕೇಳುತ್ತೇನೆ. ಆರೋಗ್ಯ ಭಾಗ್ಯ ಕಟ್ಟಿದ ಆಸ್ಪತ್ರೆ ಬಿಲ್ಲನ್ನು ಮಾತ್ರ ಮತ್ತೆ ಕೇಳಬೇಡಿ. ಒಂದೇ ಬಿಲ್ಲಿಗೆ ಎರಡು ಕಡೆ ಹಣ ಕೇಳಿದ್ದು ಹೊರಬಿದ್ದರೆ ಉಳಿದ ನಿಜವಾದ ಖರ್ಚನ್ನೂ ನಂಬುವುದಿಲ್ಲ.

ವಿಮಾ ಕಂಪನಿಯ ವಕೀಲರು ಏನು ಕೇಳುತ್ತಾರೆಂದು ಈಗಲೇ ತಿಳಿದಿರಲಿ. ಗಾಡಿ ನಿಲ್ಲಿಸಲು ರಸ್ತೆ ಮಧ್ಯಕ್ಕೆ ಓಡಿಬಂದರು, ಪ್ರತಿಫಲಕ ಜಾಕೆಟ್ ಹಾಕಿರಲಿಲ್ಲ, ಬ್ಯಾರಿಕೇಡ್ ಕತ್ತಲಲ್ಲಿತ್ತು, ತಪ್ಪಿನಲ್ಲಿ ಇವರದೂ ಪಾಲಿದೆ. ಆ ಪಾಲು ಎಷ್ಟೆಂದು ತೀರ್ಮಾನವಾಗುತ್ತದೋ ಅಷ್ಟು ಪರಿಹಾರ ಕಡಿತ. ಸ್ಥಳದ ಪಂಚನಾಮೆ, ನಕ್ಷೆ, ಜೊತೆಯಲ್ಲಿದ್ದ ಸಿಬ್ಬಂದಿಯ ಹೇಳಿಕೆ ಇಲ್ಲಿ ಕೆಲಸಕ್ಕೆ ಬರುತ್ತವೆ. ನ್ಯೂನತೆಯ ಬಗ್ಗೆ ಸಾಕ್ಷಿ ಹೇಳಲು ಆಪರೇಷನ್ ಮಾಡಿದ ವೈದ್ಯರನ್ನೇ ಕರೆಸಿ. ಚಿಕಿತ್ಸೆಯನ್ನೇ ನೀಡದ, ಕೇಳಿದಷ್ಟು ಶೇಕಡಾ ಬರೆದುಕೊಡುವ ವೈದ್ಯರ ಪ್ರಮಾಣಪತ್ರಗಳ ಬಗ್ಗೆ ಹುಷಾರಾಗಿರಿ ಎಂದು ಆ ರಾಜ್‌ಕುಮಾರ್ ತೀರ್ಪೇ ನ್ಯಾಯಮಂಡಳಿಗಳಿಗೆ ಹೇಳಿದೆ. ಇನ್ನೊಂದು ಮಾತು: ಬಂದ ಪರಿಹಾರದಲ್ಲಿ ಇಷ್ಟು ಪಾಲು ನನಗೆ ಎಂದು ಕರಾರು ಮಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಆಸ್ಪತ್ರೆಯ ಕಾರಿಡಾರಿನಲ್ಲೇ ವಕಾಲತ್ತಿಗೆ ಸಹಿ ಕೇಳುವವರಿಂದ ದೂರವಿರಿ.

ಇವಲ್ಲದೆ, ಯಜಮಾನರ ಸಂಬಳ ಜಮೆಯಾಗುವ ಬ್ಯಾಂಕಿನಲ್ಲಿ ಅದು ಪೊಲೀಸ್ ಸ್ಯಾಲರಿ ಪ್ಯಾಕೇಜ್ ಖಾತೆಯೇ ಎಂದು ವಿಚಾರಿಸಿ. ಅಂಥ ಖಾತೆಗಳ ಜೊತೆ ಅಪಘಾತ ವಿಮೆ ಇರುತ್ತದೆ, ಶಾಶ್ವತ ಅಂಗವೈಕಲ್ಯಕ್ಕೂ ಕೆಲವೊಮ್ಮೆ ಅನ್ವಯಿಸುತ್ತದೆ. ಎಷ್ಟು ದಿನದೊಳಗೆ ತಿಳಿಸಬೇಕೆಂಬ ಷರತ್ತನ್ನು ಪಾಲಿಸಿಯಲ್ಲೇ ಓದಿಕೊಳ್ಳಿ. ಚಾಲಕ ಬೇಕೆಂದೇ ಗುದ್ದಿದ್ದ ಎಂದು ತನಿಖೆಯಲ್ಲಿ ಬಂದರೆ, ಸರ್ಕಾರಿ ನೌಕರನ ಮೇಲಿನ ಹಲ್ಲೆಯ ಕಲಂಗಳು ಸೇರುತ್ತವೆ. ಆಗ ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಅಂಗವಿಕಲರಿಗೆ ಆ ಪ್ರಾಧಿಕಾರ ಉಚಿತ ವಕೀಲರನ್ನೂ ಕೊಡುತ್ತದೆ, ಆದಾಯ ಎಷ್ಟೆಂದು ನೋಡುವುದಿಲ್ಲ.

ನಿದ್ದೆಯ ವಿಷಯವನ್ನು ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಅದು ಅಷ್ಟು ಸಣ್ಣದಲ್ಲ. ಹಾರ್ನ್ ಸದ್ದಿಗೆ ಬೆಚ್ಚುವುದು, ರಾತ್ರಿ ಎಚ್ಚರವಾಗಿರುವುದು ಹೇಡಿತನವಲ್ಲ. ಕಾಲಿನ ಮೂಳೆಯಂತೆ ಅದೂ ಅದೇ ಅಪಘಾತದ ಗಾಯ. ನಿಮ್ಹಾನ್ಸ್ ನಿಮ್ಮ ಊರಿನಲ್ಲೇ ಇದೆ. ಹೋಗಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಕನ್ನಡದಲ್ಲಿ ಮಾತನಾಡಬಹುದು. ಚಿಕಿತ್ಸೆ ಪಡೆದ ಚೀಟಿ ಇದ್ದರೆ ನ್ಯಾಯಮಂಡಳಿಯಲ್ಲಿ ಆ ಯಾತನೆಯನ್ನೂ ಹೇಳಬಹುದು, ಚೀಟಿ ಇಲ್ಲದೆ ಬರೀ ಬಾಯಿಮಾತಾಗುತ್ತದೆ. 2016ರ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿದೆ.

ಅವರಿಗೆ ತಿಳಿಸದೆ ನೀವೇ ಅರ್ಜಿ ಹಾಕಬಹುದೇ? ಆಗುವುದಿಲ್ಲ. ಗಾಯಗೊಂಡವರು ಬದುಕಿದ್ದು ಬುದ್ಧಿ ಸ್ಥಿಮಿತದಲ್ಲಿರುವಾಗ ಅರ್ಜಿ ಅವರದೇ ಆಗಿರಬೇಕು, ಇಲ್ಲವೇ ಅವರೇ ಅಧಿಕಾರ ಕೊಟ್ಟವರು ಹಾಕಬೇಕು. ಮರ್ಯಾದೆಯ ಮಾತಿಗೆ ಅವರ ಹತ್ತಿರ ಹೀಗೆ ಹೇಳಿ ನೋಡಿ: ಇಷ್ಟು ವರ್ಷ ಅಪಘಾತವಾದಾಗಲೆಲ್ಲ ಗಾಯಗೊಂಡವರ ಎಫ್‌ಐಆರ್ ಬರೆಸಿ, ನಕ್ಷೆ ಬರೆದು, ವುಂಡ್ ಸರ್ಟಿಫಿಕೇಟ್ ತರಿಸಿ, ಎಷ್ಟೋ ಮನೆಯವರಿಗೆ ಪರಿಹಾರ ಸಿಗಲು ದಾರಿ ಮಾಡಿದವರು ಇವರೇ. ಆ ಮನೆಯವರಲ್ಲಿ ಯಾರನ್ನೂ ಇವರು ಮರ್ಯಾದೆ ಬಿಟ್ಟವರೆಂದು ತಿಳಿದಿರಲಾರರು. ಎಫ್‌ಐಆರ್ ಪ್ರತಿ, ಗಾಡಿಯ ವಿಮೆಯ ವಿವರ, ಡಿಸ್ಚಾರ್ಜ್ ಸಾರಾಂಶ, ನಿಮ್ಮ ಕೈಯಿಂದ ಖರ್ಚಾದ ಬಿಲ್ಲುಗಳು, ಕೊನೆಯ ಮೂರು ತಿಂಗಳ ಸಂಬಳ ಚೀಟಿ ಇಷ್ಟನ್ನು ಒಂದು ಫೈಲಿಗೆ ಹಾಕಿ ಅವರ ಮುಂದಿಡಿ. ಆರನೇ ತಿಂಗಳು ತುಂಬುವ ದಿನಾಂಕವನ್ನು ಫೈಲಿನ ಮೇಲೆ ದಪ್ಪಗೆ ಬರೆದಿರಿ.